ಅಜ್ಜಿಯ ಹೆಸರಿನ ಸೀಸೆ

ಈಗಲೂ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಮೊದಲು ಹತ್ತಿಯಿಂದ ಸ್ಪಿರಿಟ್ ಒರೆಸಿಕೊಂಡರೆ, ಆ ವಾಸನೆಗೆ ಜಯನಗರದ ನಮ್ಮ ಹಿತ್ತಿಲು ಕಣ್ಣಿಗೆ ಕಟ್ಟುತ್ತದೆ.

ನನಗಾಗ ಏಳು ವರ್ಷ. ಅಜ್ಜಿಗೆ ಸಕ್ಕರೆ ಕಾಯಿಲೆ. ಭಾನುವಾರ ಮಧ್ಯಾಹ್ನ ಅಪ್ಪ ಹಿತ್ತಿಲಲ್ಲಿ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಿಗೆ ಅಜ್ಜಿಯ ಮೂತ್ರದ ಕೆಲವು ಹನಿ ಬಿಟ್ಟು ಕಾಯಿಸುತ್ತಿದ್ದರು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಕೆಂಪಾದರೆ ಆ ವಾರವೆಲ್ಲ ಅಜ್ಜಿಗೆ ಸಿಹಿ ಇಲ್ಲ.

ಆವತ್ತು ಮನೆಯಲ್ಲಿ ಕರ್ಜಿಕಾಯಿ ಕರಿದಿದ್ದರು. ಅಜ್ಜಿ ನನ್ನನ್ನು ಮೆಲ್ಲಗೆ ಬಚ್ಚಲಿಗೆ ಕರೆದು ಸೀಸೆ ಕೊಟ್ಟಳು.

"ಇವತ್ತು ನೀನೇ ತುಂಬ್ಸಿಕೊಡೇ, ಪುಟ್ಟಿ. ಮಕ್ಕಳದ್ದು ನೀಲಿಯಾಗೇ ಇರುತ್ತೆ. ಯಾರಿಗೂ ಹೇಳ್ಬೇಡ."

ಲಂಚವಾಗಿ ಒಂದು ಕರ್ಜಿಕಾಯಿಯನ್ನೂ ಕೈಗಿಟ್ಟಳು. ನನಗೇನು ಕಷ್ಟ? ಆಗ ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗುತ್ತಿರಲಿಲ್ಲ. ಸೀಸೆ ತುಂಬಿ ಚೆಲ್ಲಿತು.

ದೀಪದ ಮೇಲೆ ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಇಟ್ಟಿಗೆಯಂತೆ ಕೆಂಪಾಯಿತು.

"ಏನಮ್ಮಾ ಇದು? ಕದ್ದು ಏನ್ ತಿಂದೆ?" ಅಪ್ಪ ರೇಗಿದರು.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಕೈಯಿಂದ ಅರ್ಧ ತಿಂದ ಕರ್ಜಿಕಾಯಿ ಕಿತ್ತು ಕಾಗೆಗೆ ಎಸೆದಳು.

"ನೀನ್ ಹೇಳಿದ ಹಾಗೇ ಮಾಡಿದ್ನಲ್ಲಜ್ಜಿ!" ಎಂದು ನಾನು ಅಳತೊಡಗಿದೆ.

ಅವಳು ನನ್ನನ್ನು ಎದೆಗವಚಿಕೊಂಡು ಅಪ್ಪನಿಗೆ ಹೇಳಿದಳು: "ಅದು ನಂದಲ್ಲ ಕಣೋ."

ಅಪ್ಪ ನನ್ನತ್ತ ತಿರುಗಿದರು. ಬೈಯಲೇ ಇಲ್ಲ. ಬೈದಿದ್ದರೆ, ನಾನು ಮಾಡಿದ ತಪ್ಪೇನೆಂದಾದರೂ ಗೊತ್ತಾಗುತ್ತಿತ್ತು.