ಒಂದೇ ಗೀರು

ಸೋದರಮಾವನ ನಾಣ್ಯದಂಗಡಿಯಲ್ಲಿ ಅವಳು ಎರಡು ಹಳೆಯ ಬೆಳ್ಳಿ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟಳು. ಒಂದು, ತೊಳೆದುಕೊಡುತ್ತೇನೆಂದು ಒಯ್ದು ಅವನು ಹಿಂದಿರುಗಿಸಿದ ಅಜ್ಜಿಯ ನಾಣ್ಯ. ಇನ್ನೊಂದು, ಈಗಷ್ಟೇ ಅವನ ಗಾಜಿನ ಪೆಟ್ಟಿಗೆಯಿಂದ ತೆಗೆದದ್ದು. ಎರಡರಲ್ಲೂ ರಾಜನ ಕೆನ್ನೆಯ ಮೇಲೆ ಅದೇ ಓರೆ ಗೀರು.

“ರಾಜನ ಮುಖ ಅಚ್ಚಿಂದು, ಸಾವಿರ ಸಲ ಬರುತ್ತೆ. ಈ ಗೀರು ಟಂಕಸಾಲೇಲಿ ತೂಕ ಸರಿ ಮಾಡೋಕೆ ಯಾರೋ ಕೈಯಾರೆ ಅರ ಉಜ್ಜಿದ್ದು. ಇದು ಎರಡು ಸಲ ಹೇಗೆ ಬಂತು ಮಾವ?”

“ಏನೋ, ಬಂದಿರುತ್ತೆ ಕಣೆ. ನಿಂಗ್ಯಾಕೆ ಅದೆಲ್ಲ?”

ಅವಳಿಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿದ್ದ ಅರ ಎತ್ತಿಕೊಂಡು ಅವನು ಹಿಂದಿರುಗಿಸಿದ ನಾಣ್ಯವನ್ನು ಪರಪರ ಉಜ್ಜಿದಳು. ಮಾವ ಟೀ ಗುಟುಕರಿಸುತ್ತಲೇ ಇದ್ದ. ಅರ ಇನ್ನೊಂದರತ್ತ ಸರಿಯಿತು.

“ಅಯ್ಯೋ, ಅದು ಬೇಡ!” ಮಾವನ ಲೋಟ ಉರುಳಿತು.

“ಹಾಗಾದ್ರೆ ಅಜ್ಜಿದು ಇದೇ,” ಎಂದು ಅದನ್ನು ಮುಷ್ಟಿಯಲ್ಲಿ ಹಿಡಿದು ಅವಳು ಎದ್ದಳು. “ಆ ನಕಲೀನ ನೀವೇ ತೊಳೀತಾ ಕೂತ್ಕೊಳ್ಳಿ.”