ಚೆಂಡು ತಂದವರಿಗೆ ನಾಳೆ ಬಿಟ್ಟಿ

ಚೆಂಡು ಮೈದಾನದ ಬೆಂಚುಗಳ ಮೇಲಿನ ತಗಡಿನ ಮಾಡು ದಾಟಿ ರಸ್ತೆಗೆ ಹಾರಿದಾಗ ಮ್ಯಾನೇಜರ್ ಲುಡ್ವಿಕ್ ಎದ್ದು ನಿಂತ. ಕೊನೆಯ ಇನ್ನಿಂಗ್ಸ್, ಎರಡೂ ತಂಡ ಸಮಸಮ. ಅಮೆರಿಕದ ನೆಬ್ರಾಸ್ಕಾದ ಆ ಪುಟ್ಟ ಊರಿನ ಬೇಸ್‌ಬಾಲ್ ತಂಡದ ಹತ್ತಿರ ಉಳಿದಿದ್ದದ್ದು ಅದೊಂದೇ ಚೆಂಡು. ಎರಡು ಬೇಸಿಗೆಯೂ ಬಾಳದ ಅವರ ಲೀಗು ಇವತ್ತಿಗೇ ಮುಚ್ಚುತ್ತದೆಂದು ಅವನಿಗೂ ಎದುರು ತಂಡದ ನಾಯಕ ಡಟನ್‌ಗೂ ಮಾತ್ರ ಗೊತ್ತಿತ್ತು. ಡಟನ್‌ನ ಆಟಗಾರರು ರಾತ್ರಿ ರೈಲಿಗೆ ಹೊರಡುವವರಿದ್ದರು.

ಅಷ್ಟರಲ್ಲಿ ಬೇಕರಿಯ ಬೊಝೆನಾ ಏದುಸಿರು ಬಿಡುತ್ತ ಗೇಟಿನಿಂದ ಓಡಿಬಂದಳು. ಅವಳ ಹಿಟ್ಟು ಮೆತ್ತಿದ ಕೈಯಲ್ಲಿ ಚೆಂಡು. ಜನ ಬೆಂಚು ಹತ್ತಿ ಕುಣಿದರು. ಲುಡ್ವಿಕ್ ಕೈ ಚಾಚಿದರೆ ಅವಳು ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಸುಮ್ನೆ ಕೊಟ್ಬಿಡ್ತೀನಾ? ಚೆಂಡು ತಂದೋರಿಗೆ ನಾಳೆ ಆಟ ಬಿಟ್ಟಿ ಅಂದೋನು ನೀನೇ ಕಣಯ್ಯಾ. ನನ್ ಚೀಟಿ ತೆಗಿ."

ಲುಡ್ವಿಕನ ಕೈ ಜೇಬಿನ ಚೀಟಿಗಳ ಮೇಲೇ ನಿಂತುಬಿಟ್ಟಿತು. ಕೊಟ್ಟರೆ ಸುಳ್ಳಾಡಿದಂತೆ; ನಿಜ ಹೇಳಿದರೆ ಈ ಕುಣಿತವೆಲ್ಲ ಇಲ್ಲಿಗೇ ಮುಗಿದಂತೆ. ದಿಕ್ಕು ತೋಚದೆ ಡಟನ್‌ನತ್ತ ನೋಡಿದ.

ಡಟನ್ ಚೆಂಡು ಬಡಿಯದಂತೆ ಹಾಕಿಕೊಂಡಿದ್ದ ಮುಖದ ಜಾಲರಿಯನ್ನು ಮೇಲಕ್ಕೆತ್ತಿ ಬೆವರು ಒರೆಸಿಕೊಂಡ. ಬೊಝೆನಾಳನ್ನು ನೋಡಿದ, ಬೆಂಚುಗಳ ಮೇಲಿದ್ದ ಜನರನ್ನು ನೋಡಿದ.

"ಕೊಡೋ ಮಾರಾಯ," ಅಂದ. "ರಾತ್ರಿ ರೈಲು ನಾವಿಲ್ದೇನೂ ಹೋಗುತ್ತೆ. ನಾಳೆ ಎಷ್ಟೊತ್ತಿಗೆ ಆಟ?"