ಓಸ್ಮಾರ್ ಓಡಿದಷ್ಟು ಹೊತ್ತು

ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೇ ಲೋವೆಲ್‌ನ ಹೆಬ್ಬೆರಳು ಸ್ಟಾಪ್‌ವಾಚ್ ಒತ್ತಿತು. ಬೇಸ್‌ಬಾಲಿನ ಕೆಳಗಿನ ಲೀಗುಗಳಲ್ಲಿ ಯಾರು ಮೇಲೇರುತ್ತಾರೆ, ಯಾರು ಅಲ್ಲೇ ಸವೆಯುತ್ತಾರೆ ಎಂದು ಅಳೆಯುವುದು ಅವನ ಕಸುಬು. ಹೊಡೆದವನು ಓಡಿ, ಚೆಂಡಿಗಿಂತ ಮೊದಲು ಮುಟ್ಟಬೇಕಾದ ನೆಲದ ಗುರುತು, ಅಂದರೆ ಮೊದಲ ಬೇಸ್, ತುಳಿದಾಗ ಇನ್ನೊಮ್ಮೆ ಒತ್ತಬೇಕು. ನಿದ್ದೆಗಣ್ಣಲ್ಲೂ ಅವನದು ತಪ್ಪುತ್ತಿರಲಿಲ್ಲ. ಈಗ ಬ್ಯಾಟ್ ಬೀಸಿದ ಓಸ್ಮಾರ್ ಈ ವರ್ಷ ಮೇಲೇರುವ ಕುಳವಲ್ಲ ಎಂದು ಅವನು ಆಗಲೇ ತೀರ್ಮಾನಿಸಿಯೂ ಆಗಿತ್ತು.

ಹೊಡೆತವೇನೋ ಪೀಚು. ಚೆಂಡು ಉರುಳಿ ಸೀದಾ ಎದುರಾಳಿಯ ಕೈ ಸೇರಿತು. ಆದರೆ ಓಸ್ಮಾರ್ ಓಡಿದ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ, ಹಿಂದೆ ಧೂಳೆದ್ದದ್ದಷ್ಟೇ ಕಂಡಿತು. ಎಸೆದ ಚೆಂಡು ಬರುವ ಹೊತ್ತಿಗೆ ಅವನು ಬೇಸ್ ದಾಟಿ ಹೋಗಿದ್ದ. ಬಿಯರ್ ಮಾರುವವನೂ ಕೂಗು ಮರೆತು ನಿಂತಿದ್ದ.

"ಎಷ್ಟು ಬಂತಪ್ಪಾ?" ಎಂದಳು ಪಕ್ಕದಲ್ಲಿದ್ದ ಕೊರಿನ್. ಬೇರೆ ತಂಡಕ್ಕಾಗಿ ಅದೇ ಕೆಲಸ ಮಾಡುವವಳು. ಲೋವೆಲ್‌ನ ಲೆಕ್ಕವನ್ನು ಎಂದೂ ಕೇಳಿದವಳಲ್ಲ.

ಲೋವೆಲ್ ಅಂಗೈ ಬಿಚ್ಚಿದ. ವಾಚು ಇನ್ನೂ ಓಡುತ್ತಲೇ ಇತ್ತು.

"ಅಯ್ಯೋ ಮುದುಕಾ, ನಿಲ್ಸೋದೇ ಮರ್ತ್ಯಾ? ನಿಮ್ಮ ಆಫೀಸಿಗೆ ಏನಂತ ಹೇಳ್ತೀಯಾ ಈಗ?"

"ನಾಳೇನೇ ಮೇಲಕ್ಕೆ ಕರ್ಸ್ಕೊಳ್ಳಿ ಅಂತೀನಿ. ಅದಿರ್ಲಿ, ನಿಂದೆಷ್ಟು? ತೋರ್ಸು."

ಕೊರಿನ್ ನಗು ನಿಲ್ಲಿಸಿ ಮೆಲ್ಲಗೆ ಮುಷ್ಟಿ ಬಿಚ್ಚಿದಳು. ಅವಳದೂ ಓಡುತ್ತಿತ್ತು.